ಗಿರಾಕಿ ನಿಲ್ಲುವ ಜಾಗದಿಂದ: ಪೇಟೆಯ ಹಳೆಯ ಅಂಗಡಿಗಳ ಛಾಯಾಚಿತ್ರ ತೆಗೆಯುವ ಬಗೆ

ಬೆಂಗಳೂರಿನ ಪೇಟೆಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಈಗ ಕೊರತೆಯಿಲ್ಲ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಗುಂಪುಗುಂಪಾಗಿ ಮೇಲೆ ಬರುವ ಹವ್ಯಾಸಿಗಳು ಮುಚ್ಚಿದ ಬಾಗಿಲು, ಬಣ್ಣ ಕಿತ್ತುಬಂದ ಗೋಡೆ, ಜಗಲಿಯ ಮೇಲೆ ಮಲಗಿದ ನಾಯಿ, ಇಷ್ಟನ್ನು ತೆಗೆದುಕೊಂಡು ಹತ್ತು ಗಂಟೆಯ ಹೊತ್ತಿಗೆ ದೋಸೆ ತಿನ್ನಲು ಹೊರಟುಬಿಡುತ್ತಾರೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಆ ಬಾಗಿಲಿನ ಹಿಂದೆ ಏನು ಮಾರುತ್ತಿದ್ದರು, ಯಾರು ಮಾರುತ್ತಿದ್ದರು, ಸಾಮಾನು ಎಲ್ಲಿಂದ ಇಳಿದು ಯಾರ ಕೈಚೀಲಕ್ಕೆ ಹೋಗುತ್ತಿತ್ತು ಎಂಬುದನ್ನು ಇಪ್ಪತ್ತು ವರ್ಷದ ನಂತರ ಆ ಚಿತ್ರ ನೋಡಿದವರು ಊಹಿಸಲಾರರು. ಅಂಗಡಿಯನ್ನು ಅಂಗಡಿಯಾಗಿಯೇ ಚಿತ್ರದಲ್ಲಿ ಉಳಿಸಬೇಕೆಂಬ ಆಸೆಯಿದ್ದರೆ ಕ್ಯಾಮೆರಾ ಹಿಡಿದವರು ಗಿರಾಕಿ ನಿಲ್ಲುವ ಜಾಗದಲ್ಲಿ, ಅಂದರೆ ಗಲ್ಲಾಪೆಟ್ಟಿಗೆಯ ಎದುರಿಗೆ, ನಿಲ್ಲಬೇಕಾಗುತ್ತದೆ. ಅಲ್ಲಿಗೆ ತಲುಪುವ ಬಗೆಯನ್ನು ಹಂತ ಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗಳನ್ನೆಲ್ಲ ಬೆಂಗಳೂರಿನಿಂದಲೇ ಆರಿಸಿಕೊಂಡಿದ್ದೇನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಬೀದಿಗಳ ಹೆಸರೇ ಕಸುಬಿನ ಪಟ್ಟಿಯಂತಿದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಳೇಪೇಟೆಯಲ್ಲಿ ಇಂದು ವೀಣೆ, ಮೃದಂಗ, ತಬಲಾ ಮಾರುವ ಅಂಗಡಿಗಳ ಸಾಲಿದೆ. ದೊಡ್ಡಪೇಟೆ ಅವೆನ್ಯೂ ರಸ್ತೆಯಾಗಿ ಪಠ್ಯಪುಸ್ತಕಗಳಿಗೆ ಹೆಸರಾಯಿತು. ಪೇಟೆ ಎಂದೂ ನಿಂತ ನೀರಾಗಿರಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಈಗಿನ ಬದಲಾವಣೆಯ ವೇಗವಷ್ಟೇ ಬೇರೆ. ಹಿಂದೆ ಒಂದು ಕಸುಬು ಹೋಗಿ ಇನ್ನೊಂದು ಬರಲು ಒಂದು ತಲೆಮಾರು ಹಿಡಿಯುತ್ತಿತ್ತು. ಈಗ ಹಳೆಯ ಕಟ್ಟಡ ಮಾರಾಟವಾದ ಕೆಲವೇ ತಿಂಗಳಲ್ಲಿ ಅಲ್ಲಿದ್ದ ಆರು ಮಳಿಗೆಗಳೂ ಒಟ್ಟಿಗೆ ಖಾಲಿಯಾಗಿ, ಗಾಜಿನ ಮುಖದ ಕಾಂಪ್ಲೆಕ್ಸ್ ಎದ್ದಿರುತ್ತದೆ.

1. ಅಂಗಡಿಯ ಆಯ್ಕೆ

ಹೆಸರಾಂತ ಅಂಗಡಿಗಳಿಂದ ಆರಂಭಿಸಬೇಡಿ. ಗಾಂಧಿಬಜಾರಿನಲ್ಲಿ 1943ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದ ಚಿತ್ರ ಈಗಾಗಲೇ ಸಾವಿರಾರು ಮಂದಿಯ ಬಳಿ ಇದೆ. ನೀವು ತೆಗೆಯದಿದ್ದರೂ ಅದಕ್ಕೆ ನಷ್ಟವಿಲ್ಲ. ಅದೇ ಬಡಾವಣೆಯ ಅಡ್ಡರಸ್ತೆಯಲ್ಲಿರುವ ಹಿಟ್ಟಿನ ಗಿರಣಿ, ಕಾಫಿಪುಡಿ ಅಂಗಡಿ, ಗಡಿಯಾರ ರಿಪೇರಿಯ ಪೆಟ್ಟಿಗೆಯಂಗಡಿ, ಪಾತ್ರೆಗೆ ಹೆಸರು ಕೊರೆದುಕೊಡುವವರ ಮೇಜು, ನಾಟಿ ಔಷಧಿಯ ಬೇರು ನಾರು ಮಾರುವ ಗ್ರಂಧಿಗೆ ಅಂಗಡಿ, ಚಕ್ಕುಲಿ ಕೋಡುಬಳೆಯ ಕಾಂಡಿಮೆಂಟ್ಸ್, ಇವುಗಳ ಒಂದು ಒಳ್ಳೆಯ ಚಿತ್ರವೂ ಎಲ್ಲಿಯೂ ಇಲ್ಲದಿರಬಹುದು. ನಿಮ್ಮ ಮನೆಗೆ ಸಾಮಾನು ಬರುವ ಅಂಗಡಿಯಿಂದಲೇ ಶುರುಮಾಡುವುದು ಎಲ್ಲಕ್ಕಿಂತ ಉತ್ತಮ. ಅಲ್ಲಿ ನಿಮಗೆ ಪರಿಚಯವಿದೆ, ಹತ್ತು ಸಲ ಹೋಗಲು ಕಾರಣವಿದೆ, ಚಿತ್ರ ಕೆಟ್ಟರೆ ನಾಳೆ ಮತ್ತೆ ತೆಗೆಯಬಹುದು.

ಒಂದು ವರ್ಷಕ್ಕೆ ಹತ್ತು ಹನ್ನೆರಡು ಅಂಗಡಿ ಸಾಕು. ಒಂದೇ ಬೀದಿಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದು ಅಂಗಡಿ ಏಕೆ ಉಳಿಯಿತು, ಪಕ್ಕದ್ದು ಏಕೆ ಹೋಯಿತು ಎಂಬುದು ಬೀದಿಯನ್ನು ಇಡಿಯಾಗಿ ನೋಡಿದಾಗ ಮಾತ್ರ ತಿಳಿಯುತ್ತದೆ.

2. ಕ್ಯಾಮೆರಾ ಇಲ್ಲದ ಮೊದಲ ಭೇಟಿ

ಮೊದಲ ದಿನ ಏನನ್ನಾದರೂ ಕೊಳ್ಳಲು ಹೋಗಬೇಕು. ಅದೂ ಬೋಣಿಯಾಗುವ ಮುನ್ನ ಹೋಗಿ, ಏನನ್ನೂ ಕೊಳ್ಳದೆ ಮಾತನಾಡಿ ಬರುವ ತಪ್ಪನ್ನು ಮಾಡಬಾರದು. ದಿನದ ಮೊದಲ ವ್ಯಾಪಾರಕ್ಕೆ ಪೇಟೆಯಲ್ಲಿ ಇರುವ ಮಹತ್ವವನ್ನು ತಿಳಿಯದವರು, ಬಾಗಿಲು ತೆಗೆದು ನೀರು ಚಿಮುಕಿಸಿ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುತ್ತಿರುವ ಯಜಮಾನರ ಎದುರು ಬರಿಗೈಯಲ್ಲಿ ನಿಂತು "ಒಂದು ಫೋಟೋ ತೆಗೀಲಾ?" ಎಂದು ಕೇಳಿದರೆ ಸಿಗುವ ಉತ್ತರ ಒಂದೇ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಗಿರಾಕಿಗಳು ವಿರಳವಾಗಿರುವಾಗ, ಮಾತಿಗೆ ಬಿಡುವು ಸಿಗುತ್ತದೆ.

ಉದ್ದೇಶವನ್ನು ನೇರವಾಗಿ ಹೇಳಬೇಕು. "ಯಜಮಾನ್ರೇ, ನಮ್ಮ ಬೀದಿಯ ಹಳೇ ಅಂಗಡಿಗಳ ಚಿತ್ರ ತೆಗೆದಿಡುತ್ತಿದ್ದೇನೆ, ನಿಮ್ಮದೂ ಅದರಲ್ಲಿ ಇರಬೇಕು ಅಂತ ಆಸೆ" ಎಂದರೆ ಸಾಕು. ಪರಂಪರೆ, ಸಂಸ್ಕೃತಿ ಎಂಬ ದೊಡ್ಡ ಮಾತುಗಳು ಬೇಡ. ಅನುಮಾನ ಬಂದೇ ಬರುತ್ತದೆ. ಕಾರ್ಪೊರೇಷನ್ನಿನವರೋ, ತೆರಿಗೆಯವರೋ, ಕಟ್ಟಡ ಕೊಳ್ಳಲು ಬಂದ ದಲ್ಲಾಳಿಯ ಕಡೆಯವರೋ ಎಂದು ಅವರು ನೋಡುತ್ತಾರೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡಿನ ಹಾಳೆಯನ್ನೇ ಕಿತ್ತುಹಾಕಿ ನಗದು ಮಾತ್ರ ಎಂದು ಬರೆದು ಅಂಟಿಸಿದ್ದವು. ಹಾಗಾಗಿ ವ್ಯಾಪಾರ ಎಷ್ಟಾಗುತ್ತದೆ, ಬಾಡಿಗೆ ಎಷ್ಟು ಎಂಬ ಪ್ರಶ್ನೆಗಳನ್ನು ಮೊದಲ ಭೇಟಿಯಲ್ಲಿ ಎತ್ತಲೇಬಾರದು.

ಬೇಡ ಎಂದರೆ ಬೇಡ. ರಸ್ತೆಯಲ್ಲಿ ನಿಂತು ಹೊರಗಿನಿಂದ ತೆಗೆಯುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲದಿದ್ದರೂ, ಒಲ್ಲೆ ಎಂದವರ ಅಂಗಡಿಯನ್ನು ಎದುರು ಬದಿಯಿಂದ ಕದ್ದು ತೆಗೆದರೆ ಆ ಬೀದಿಯ ಉಳಿದ ಬಾಗಿಲುಗಳೂ ನಿಮಗೆ ಮುಚ್ಚಿಹೋಗುತ್ತವೆ.

3. ಬೆಳಕಿನ ಲೆಕ್ಕ

ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯ ಚಿತ್ರ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಅಂಗಡಿಯೆಂದರೆ ಒಂದು ಕತ್ತಲೆಯ ಪೆಟ್ಟಿಗೆ, ಅದರ ಒಂದೇ ಮುಖ ಬೀದಿಗೆ ತೆರೆದಿರುತ್ತದೆ. ಬೀದಿಯ ಬಿಸಿಲಿಗೆ ಕ್ಯಾಮೆರಾವನ್ನು ಹೊಂದಿಸಿದರೆ ಒಳಗೆಲ್ಲ ಮಸಿ. ಒಳಗಿಗೆ ಹೊಂದಿಸಿದರೆ ಹೊರಗೆಲ್ಲ ಸುಣ್ಣ.

ಮೊದಲು ರಸ್ತೆ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳಬೇಕು. ಅವೆನ್ಯೂ ರಸ್ತೆ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹರಿಯುತ್ತದೆ, ಚಿಕ್ಕಪೇಟೆಯ ಮುಖ್ಯರಸ್ತೆ ಪೂರ್ವ ಪಶ್ಚಿಮವಾಗಿದೆ. ಅವೆನ್ಯೂ ರಸ್ತೆಯ ಪಶ್ಚಿಮ ಬದಿಯ ಅಂಗಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಅವುಗಳ ಮೇಲೆ ಬೆಳಗಿನ ಬಿಸಿಲು ಬೀಳುವಾಗಲೇ ತೆಗೆಯಬೇಕೆಂದು ಹೊಸಬರು ಭಾವಿಸುತ್ತಾರೆ, ಆದರೆ ನನ್ನ ಅನುಭವ ಬೇರೆ. ನೇರ ಬಿಸಿಲಿನಲ್ಲಿ ಮುಂದಿನ ತಗಡಿನ ಮಾಡು ಅಥವಾ ಟಾರ್ಪಾಲು ಬೋರ್ಡಿನಿಂದ ಕೆಳಗಿನದನ್ನೆಲ್ಲ ಕಪ್ಪು ನೆರಳಿನಲ್ಲಿ ಮುಳುಗಿಸುತ್ತದೆ. ಮಧ್ಯಾಹ್ನ ಮೂರರ ನಂತರ, ಸೂರ್ಯ ಆ ಅಂಗಡಿಗಳ ಬೆನ್ನಿಗೆ ಸರಿದು ಬಿಸಿಲು ಎದುರು ಬದಿಯ ಗೋಡೆಗಳ ಮೇಲೆ ಬೀಳುತ್ತಿರುವಾಗ, ಆ ಗೋಡೆಗಳಿಂದ ಪ್ರತಿಫಲಿಸಿದ ಮೆತ್ತನೆಯ ಬೆಳಕು ಮಾಡಿನ ಕೆಳಗೆ ನುಗ್ಗಿ ಅಂಗಡಿಯ ಹಿಂದಿನ ಗೂಡಿನವರೆಗೂ ತಲುಪುತ್ತದೆ. ಎದುರಿನ ಗೋಡೆ ಸುಣ್ಣದ ಬಿಳಿಯೋ ತಿಳಿ ಹಳದಿಯೋ ಆಗಿದ್ದರೆ ನಿಮ್ಮ ಅದೃಷ್ಟ. ಹಸಿರು ಗಾಜಿನ ಹೊಸ ಕಟ್ಟಡವಾಗಿದ್ದರೆ ಅಂಗಡಿಯವರ ಮುಖಕ್ಕೂ ಹಸಿರು ಬರುತ್ತದೆ, ಅಲ್ಲಿ ಮೋಡದ ದಿನಕ್ಕೆ ಕಾಯುವುದೇ ಸರಿ. ಪೂರ್ವ ಬದಿಯ ಅಂಗಡಿಗಳಿಗೆ ಇದೇ ಲೆಕ್ಕವನ್ನು ತಿರುಗಿಸಿ ಬೆಳಿಗ್ಗೆ ತೆಗೆಯಬೇಕು.

ಪೂರ್ವ ಪಶ್ಚಿಮದ ರಸ್ತೆಗಳಲ್ಲಿ ಋತುವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ದಕ್ಷಿಣಕ್ಕೆ ಮುಖ ಮಾಡಿದ ಅಂಗಡಿಯೊಳಗೆ ಬಿಸಿಲಿನ ಕೋಲು ಇಳಿಯಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಹೋಗಬೇಕು.

ಇನ್ನೊಂದು ಒಳ್ಳೆಯ ಹೊತ್ತೆಂದರೆ ದೀಪ ಹಚ್ಚುವ ಸಮಯ. ಸೂರ್ಯ ಮುಳುಗಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಕಾಶದ ಬೆಳಕೂ ಒಳಗಿನ ಟ್ಯೂಬ್‌ಲೈಟಿನ ಬೆಳಕೂ ಸರಿಸಮವಾಗುತ್ತವೆ. ನವೆಂಬರಿನಲ್ಲಿ ಸಂಜೆ 5.50ರ ಸುಮಾರಿಗೆ, ಜುಲೈನಲ್ಲಿ 6.50ರ ಸುಮಾರಿಗೆ ಸೂರ್ಯಾಸ್ತ; ಅದಕ್ಕೆ ತಕ್ಕಂತೆ ಸಮಯ ಹೊಂದಿಸಿಕೊಳ್ಳಿ. ಆದರೆ ಅದೇ ವ್ಯಾಪಾರದ ಹೊತ್ತೂ ಹೌದು, ದಾರಿಗೆ ಅಡ್ಡವಾಗಿ ನಿಲ್ಲಬೇಡಿ. ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಕಾಣಿಸಿದರೆ ಗಾಬರಿ ಬೇಡ: ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಂಥ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಕ್ಯಾಮೆರಾದ ಷಟರ್ ವೇಗವನ್ನು, ಅಂದರೆ ಅದು ಬೆಳಕಿಗೆ ತೆರೆದಿರುವ ಸಮಯವನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆಗಳು ಹೋಗುತ್ತವೆ. ಫ್ಲಾಷ್ ಬಳಸಲೇಬೇಡಿ; ಸ್ಟೀಲ್ ಪಾತ್ರೆಯ ಅಂಗಡಿಯಲ್ಲಂತೂ ನೂರು ಸೂರ್ಯರು ಹುಟ್ಟುತ್ತಾರೆ.

4. ಹೊರಗಿನ ಒಂದು ಚಿತ್ರ

ಹೊರಗಿನಿಂದ ಒಂದೇ ಚಿತ್ರ ಸಾಕು, ಆದರೆ ಅದು ನೆಟ್ಟಗಿರಬೇಕು. ಮೊಬೈಲಿನಲ್ಲಿ ಗೆರೆಗಳ ಜಾಲರಿಯನ್ನು ತೋರಿಸುವ ವ್ಯವಸ್ಥೆಯಿದೆ, ಅದನ್ನು ಹಾಕಿಕೊಂಡು ಬಾಗಿಲಿನ ಚೌಕಟ್ಟು ಗೆರೆಗೆ ಸಮನಾಗಿ ನಿಲ್ಲುವಂತೆ ಹಿಡಿಯಬೇಕು. ಬೋರ್ಡು ಸಿಗಲಿಲ್ಲವೆಂದು ಮೊಬೈಲನ್ನು ಮೇಲಕ್ಕೆ ಓರೆಮಾಡಿದರೆ ಅಂಗಡಿ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ; ಅದರ ಬದಲು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಪೇಟೆಯ ಓಣಿಗಳಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ ಎಂಬುದು ನಿಜ. ಎದುರು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಲು ಅನುಮತಿ ಕೇಳಿ, ಇಲ್ಲವೇ ಮೂಲೆಯಿಂದ ಓರೆಯಾಗಿ ತೆಗೆಯಿರಿ. ಅತಿ ಅಗಲದ ಲೆನ್ಸನ್ನು ಮಾತ್ರ ಬಳಸಬೇಡಿ, ಅದು ಎಂಟಡಿಯ ಮಳಿಗೆಯನ್ನು ಛತ್ರದಂತೆ ತೋರಿಸಿ ಸುಳ್ಳು ಹೇಳುತ್ತದೆ.

ಎರಡೂ ಪಕ್ಕದ ಅಂಗಡಿಗಳು ಒಂದೊಂದು ಅಡಿಯಾದರೂ ಚಿತ್ರದೊಳಗೆ ಇರಲಿ. ಮುಂದೆ ಬೀದಿ ಬದಲಾದಾಗ ಈ ಅಂಗಡಿ ಎಲ್ಲಿತ್ತೆಂದು ಗುರುತಿಸಲು ಸಿಗುವ ಆಧಾರ ಆ ಒಂದಡಿಯೇ.

ಬೋರ್ಡಿನದು ಬೇರೆಯೇ ಒಂದು ಹತ್ತಿರದ ಚಿತ್ರ ತೆಗೆಯಿರಿ. ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಲ್ಲಿ ಬಿಗಿಯಾಗಿ ಜಾರಿಗೆ ಬಂದ ಮೇಲೆ ನಗರದ ತುಂಬ ಬೋರ್ಡುಗಳು ಬದಲಾದವು. ನಿಯಮದ ಬಗ್ಗೆ ನನಗೆ ತಕರಾರಿಲ್ಲ, ಸಂತೋಷವೇ ಇದೆ. ಆದರೆ ಆ ಗಡಿಬಿಡಿಯಲ್ಲಿ ಕೈಯಿಂದ ಬರೆದ ತಗಡಿನ ಹಳೆಯ ಫಲಕಗಳು, ಅವುಗಳಲ್ಲಿ ಅಚ್ಚ ಕನ್ನಡದವೂ ಇದ್ದವು, ಗುಜರಿಗೆ ಹೋದವು ಅಥವಾ ಹೊಳೆಯುವ ಫ್ಲೆಕ್ಸಿನ ಹಿಂದೆ ಮರೆಯಾದವು. "ಹಳೇ ಬೋರ್ಡ್ ಇದೆಯಾ?" ಎಂದು ಕೇಳಿನೋಡಿ, ಅಟ್ಟದಿಂದ ಇಳಿದು ಬರುವುದೂ ಉಂಟು. ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಆರೋ ಏಳೋ ಅಂಕಿಗಳಿದ್ದರೆ ಫಲಕ ಎಂಟಂಕಿಯ ಕಾಲಕ್ಕಿಂತ ಹಿಂದಿನದೆಂದು ತಿಳಿಯುತ್ತದೆ.

5. ಗಲ್ಲಾಪೆಟ್ಟಿಗೆಯ ಎದುರು

ಈಗ ಒಳಗಿನ ಚಿತ್ರಗಳು. ಗಿರಾಕಿಯ ಜಾಗದಲ್ಲಿ ನಿಂತು, ಗಿರಾಕಿಯ ಕಣ್ಣಿನ ಎತ್ತರದಲ್ಲಿಯೇ ಕ್ಯಾಮೆರಾ ಹಿಡಿದು ಮೊದಲನೆಯದನ್ನು ತೆಗೆಯಬೇಕು. ಯಜಮಾನರು ಕ್ಯಾಮೆರಾ ನೋಡಿ ಸೆಟೆದು ಕೂರುವುದು ಸಹಜ. ಆ ಚಿತ್ರವನ್ನೂ ತೆಗೆದುಬಿಡಿ, ಅದು ಅವರಿಗೆ ಬೇಕಾದ ಚಿತ್ರ. ನಿಮಗೆ ಬೇಕಾದದ್ದು ಮುಂದಿನ ಗಿರಾಕಿ ಬಂದ ಮೇಲೆ ಸಿಗುತ್ತದೆ.

ಕೈಗಳನ್ನು ನೋಡಿ. ಹಳೆಯ ಅಂಗಡಿಯಲ್ಲಿ ಜಾಗ ಕಡಿಮೆ, ಸಾಮಾನು ಹೆಚ್ಚು. ಎಷ್ಟೋ ವರ್ಷದ ಅಭ್ಯಾಸದಿಂದ ಪ್ರತಿಯೊಂದು ವಸ್ತುವೂ ಕೈಯಳತೆಯ ಲೆಕ್ಕದಲ್ಲಿ ಕೂತಿರುತ್ತದೆ. ನಾನು ಬಲ್ಲ ಒಂದು ಗ್ರಂಧಿಗೆ ಅಂಗಡಿಯಲ್ಲಿ ಹಿಂದಿನ ಗೋಡೆಯ ತುಂಬ ಅಂಗೈಯಗಲದ ಮರದ ಖಾನೆಗಳಿವೆ, ಒಂದರ ಮೇಲೂ ಚೀಟಿಯಿಲ್ಲ. ಬಾಣಂತಿಯ ಔಷಧಿಗೆಂದು ಬಂದ ಹೆಂಗಸು ಪಟ್ಟಿ ಓದುತ್ತಾ ಹೋದರೆ ಯಜಮಾನರು ಹಿಂದಿರುಗಿ ನೋಡದೆಯೇ ಹಿಪ್ಪಲಿಯ ಖಾನೆ, ಬಜೆಯ ಖಾನೆ, ಅಳಲೆಕಾಯಿಯ ಖಾನೆ ಎಂದು ಎಳೆಯುತ್ತಾ, ಸೂರಿನಿಂದ ನೇತುಬಿಟ್ಟ ಹುರಿಯುಂಡೆಯಿಂದ ದಾರ ಜಗ್ಗಿ ಪೊಟ್ಟಣ ಕಟ್ಟಿ, ಕಿರುಬೆರಳಿನ ಒಂದು ತಿರುವಿನಲ್ಲಿ ದಾರವನ್ನು ತುಂಡರಿಸುತ್ತಾರೆ. ಕತ್ತರಿ ಬಳಸುವುದಿಲ್ಲ. ಆ ತಿರುವು ಕಣ್ಣಿಗೆ ಬಿದ್ದದ್ದು ನನ್ನ ನಾಲ್ಕನೆಯ ಭೇಟಿಯಲ್ಲಿ, ಚಿತ್ರಕ್ಕೆ ಸಿಕ್ಕಿದ್ದು ಏಳನೆಯದರಲ್ಲಿ.

ಪ್ರತಿ ಕಸುಬಿಗೂ ಇಂಥ ಒಂದು ಚಲನೆ ಇದೆ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕುವುದು, ಕಡ್ಲೆಪುರಿಯವರು ಸೇರಿನ ಮೇಲೆ ಗೋಪುರವಾಗುವಷ್ಟು ತುಂಬಿ ಚೀಲಕ್ಕೆ ಸುರಿಯುವುದು, ಕಾಫಿಪುಡಿಯವರು ಗಿರಣಿಯ ಬಾಯಿಗೆ ಕವರು ಹಿಡಿದು ಬಿಸಿಯನ್ನು ಅಂಗೈಯಲ್ಲಿ ನೋಡುವುದು, ಬಳೆ ತೊಡಿಸುವವರು ಮೊದಲು ಗೆಣ್ಣುಗಳನ್ನು ಒತ್ತಿ ಕೈ ಮೆತ್ತಗಾಗಿಸುವುದು. ತೂಕ ಅಳತೆಗಳ 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದು ಇಷ್ಟು ಕಾಲವಾದರೂ ಸೇರು, ಪಾವು, ಮೊಳ, ಮಾರು ಈ ಅಂಗಡಿಗಳಲ್ಲಿ ಬದುಕಿವೆ, ಅವುಗಳ ಚಿತ್ರ ತಪ್ಪದೆ ಬೇಕು. ಒಂದು ಚಲನೆಗೆ ಹತ್ತಿಪ್ಪತ್ತು ಚಿತ್ರ ತೆಗೆದರೆ ಒಂದು ಉಳಿಯುತ್ತದೆ.

ಪರಿಚಯ ಬೆಳೆದ ಮೇಲೆ, ಅನುಮತಿ ಸಿಕ್ಕರೆ, ಯಜಮಾನರ ಜಾಗದಲ್ಲಿ ಕೂತು ಬೀದಿಯತ್ತ ಒಂದು ಚಿತ್ರ ತೆಗೆಯಿರಿ. ದಿನಕ್ಕೆ ಹನ್ನೆರಡು ಗಂಟೆ ಅವರು ನೋಡುವ ನೋಟ ಅದು, ಬೇರೆ ಯಾರ ಬಳಿಯೂ ಇಲ್ಲದ ಚಿತ್ರ. ಸಾಧ್ಯವಾದರೆ ಬಾಗಿಲು ಹಾಕುವ ಹೊತ್ತಿಗೂ ಒಮ್ಮೆ ಹೋಗಿ. ರೋಲಿಂಗ್ ಷಟರ್ ಬರುವ ಮೊದಲಿನ ಹಲಗೆ ಬಾಗಿಲುಗಳು ಅಲ್ಲಲ್ಲಿ ಉಳಿದಿವೆ. ಒಂದೊಂದು ಹಲಗೆಗೂ ಅಂಕಿ ಬರೆದಿದ್ದು, ಅದೇ ಕ್ರಮದಲ್ಲಿ ಚೌಕಟ್ಟಿನ ತೋಡಿನೊಳಗೆ ಇಳಿಸದಿದ್ದರೆ ಕೊನೆಯದು ಕೂರುವುದಿಲ್ಲ. ಆಯುಧಪೂಜೆಯ ದಿನವಂತೂ ತಕ್ಕಡಿ, ತೂಕದ ಬಟ್ಟು, ಗಲ್ಲಾಪೆಟ್ಟಿಗೆಗಳೆಲ್ಲ ತೊಳೆದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ, ಮನೆಮಂದಿಯೂ ಹೊಸ ಬಟ್ಟೆಯಲ್ಲಿ ಬಂದಿರುತ್ತಾರೆ. ಕುಟುಂಬದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ.

6. ಚಿತ್ರದಲ್ಲಿ ಬರಬಾರದವು

ಒಮ್ಮೆ ಒಂದು ದಿನಸಿ ಅಂಗಡಿಯಲ್ಲಿ ಕೈಬರಹದ ಉದ್ದನೆಯ ಪುಸ್ತಕವೊಂದು ಗಲ್ಲಾದ ಮೇಲೆ ತೆರೆದಿತ್ತು. ಬೆಳಕು ಚೆನ್ನಾಗಿತ್ತು, ಅಕ್ಷರ ಮುತ್ತಿನಂತಿತ್ತು, ತೆಗೆದು ನಾಲ್ಕು ಜನಕ್ಕೆ ಕಳುಹಿಸಿದೆ. ಅದು ಬಾಕಿ ಪುಸ್ತಕ. ದೊಡ್ಡದು ಮಾಡಿ ನೋಡಿದರೆ ಯಾರ ಮನೆಯದು ಎಷ್ಟು ಬಾಕಿ ಎಂದು ಓದಬಹುದಾಗಿತ್ತು, ಚಿತ್ರ ಕೈಯಿಂದ ಕೈಗೆ ಹೋಗಿ ಅದೇ ಬೀದಿಗೆ ತಲುಪಿತು. ಎರಡು ಮನೆಯವರು ಆ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಯಜಮಾನರು ನನ್ನನ್ನು ಬೈಯಲಿಲ್ಲ, "ನೀವು ಓದಿದವರು" ಎಂದಷ್ಟೇ ಹೇಳಿದರು. ಅಂದಿನಿಂದ ಚಿತ್ರ ಹಂಚುವ ಮೊದಲು ಅದನ್ನು ಮೂಲೆಮೂಲೆಯೂ ದೊಡ್ಡದು ಮಾಡಿ ನೋಡುವುದನ್ನು ರೂಢಿಸಿಕೊಂಡಿದ್ದೇನೆ: ಬಾಕಿ ಪುಸ್ತಕ, ಕ್ಯೂಆರ್ ಕೋಡ್, ಮೊಬೈಲ್ ಸಂಖ್ಯೆ, ಪರವಾನಗಿ ಪತ್ರ, ನೋಟಿನ ಕಟ್ಟು, ಅನುಮತಿಯಿಲ್ಲದೆ ಸಿಕ್ಕಿಬಿದ್ದ ಗಿರಾಕಿಯ ಮುಖ. ಅಂಗಡಿಯಲ್ಲಿ ಮಕ್ಕಳು ಸಾಮಾನು ಎತ್ತಿಕೊಡುತ್ತಿದ್ದರೆ ಆ ಚಿತ್ರವನ್ನು ಮನೆಯವರ ಒಪ್ಪಿಗೆ ಇಲ್ಲದೆ ಹಂಚಬೇಡಿ.

7. ಟಿಪ್ಪಣಿ

ಬರಹವಿಲ್ಲದ ಚಿತ್ರ ಅರ್ಧ ಚಿತ್ರ. ಅದೇ ದಿನ ರಾತ್ರಿ, ನೆನಪು ಹಸಿಯಾಗಿರುವಾಗ, ಇಷ್ಟನ್ನು ಬರೆದಿಡಬೇಕು: ಬೋರ್ಡಿನಲ್ಲಿರುವ ಕಾಗುಣಿತದಲ್ಲಿಯೇ ಅಂಗಡಿಯ ಹೆಸರು, ಬೀದಿ ಮತ್ತು ಅಡ್ಡರಸ್ತೆ, ದಿನಾಂಕ, ಏನು ಮಾರುತ್ತಾರೆ, ಏನನ್ನು ಮಾರುವುದು ನಿಲ್ಲಿಸಿದ್ದಾರೆ, ಎಷ್ಟನೆಯ ತಲೆಮಾರು, ಮುಂದಿನವರು ಬರುತ್ತಾರೆಯೇ. ಆರಂಭವಾದ ವರ್ಷದ ಬಗ್ಗೆ ಎಚ್ಚರವಿರಲಿ. "ನಮ್ಮ ತಾತನ ಕಾಲದ್ದು, ನೂರು ವರ್ಷ ಆಗಿರಬೇಕು" ಎಂದರೆ ಅದನ್ನು ಅವರ ಮಾತಾಗಿಯೇ ಬರೆಯಿರಿ. ಹಳೆಯ ರಸೀದಿಯೋ ಬಾಡಿಗೆ ಕರಾರೋ ಸಿಕ್ಕರೆ ಆಗ ವರ್ಷ ನಮೂದಿಸಿ. ವಸ್ತುಗಳ ಹೆಸರನ್ನು ಅಂಗಡಿಯವರ ಬಾಯಲ್ಲಿ ಬಂದಂತೆ ಬರೆದುಕೊಳ್ಳುವುದು ಬಹಳ ಮುಖ್ಯ. ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಎಲ್ಲವೂ ಬೆರೆತಿರುವುದರಿಂದ ಒಂದೇ ಡಬ್ಬಕ್ಕೆ ಎದುರುಬದುರು ಅಂಗಡಿಗಳಲ್ಲಿ ಎರಡು ಹೆಸರಿರಬಹುದು, ಎರಡನ್ನೂ ಬರೆಯಿರಿ.

ಚಿತ್ರದ ಕಡತಕ್ಕೆ ವರ್ಷ, ತಿಂಗಳು, ದಿನ, ಬೀದಿ, ಅಂಗಡಿ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಮುಂದೆ ಹುಡುಕುವುದು ಸುಲಭ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ನಿಮ್ಮ ಮನೆಯಿಂದ ಹೊರಗಿರಲಿ. ಮನೆಯವರ ಬಳಿ ಅಂಗಡಿಯ ಹಳೆಯ ಚಿತ್ರವಿದ್ದರೆ ಎರವಲು ಕೇಳಬೇಡಿ. ಅಲ್ಲಿಯೇ ಕಿಟಕಿಯ ಬಳಿ ಮೇಜಿನ ಮೇಲಿಟ್ಟು ನೇರ ಮೇಲಿನಿಂದ ಪ್ರತಿ ತೆಗೆದುಕೊಂಡು, ಕೈಗೆ ಕೊಟ್ಟು ಬನ್ನಿ.

8. ಪ್ರತಿ ಕೊಡುವುದು, ಮತ್ತೆ ಹೋಗುವುದು

ವಾಟ್ಸಾಪಿನಲ್ಲಿ ಕಳುಹಿಸಿದರೆ ಕೊಟ್ಟ ಹಾಗಾಗುವುದಿಲ್ಲ. ಕಾಗದದ ಮೇಲೆ ಮುದ್ರಿಸಿ, ಹಿಂಭಾಗದಲ್ಲಿ ದಿನಾಂಕ ಬರೆದು, ಹದಿನೈದು ದಿನದೊಳಗೆ ಕೈಗೇ ಕೊಡಬೇಕು. ನೀವು ಮೆಚ್ಚಿದ ಕೈಗಳ ಚಿತ್ರದ ಜೊತೆಗೆ ಅವರು ಸೆಟೆದು ಕೂತ ಆ ಮೊದಲ ಚಿತ್ರವೂ ಇರಲಿ. ಗೋಡೆಗೆ ಏರುವುದು ಅದೇ.

ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಹೊರಗಿನ ಚಿತ್ರವನ್ನು ಮತ್ತೆ ತೆಗೆಯಬೇಕು. ನಿಂತ ಜಾಗ ಮರೆಯದಿರಲು ಹಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ವಿದ್ಯುತ್ ಕಂಬ ಬೋರ್ಡಿನ ಯಾವ ಅಕ್ಷರವನ್ನು ಮರೆಮಾಡುತ್ತದೆ ಎಂಬಂಥ ಗುರುತನ್ನು ಹೊಂದಿಸಿಕೊಂಡರೆ ಅಂಗುಲ ತಪ್ಪುವುದಿಲ್ಲ. ಕಂಬವೇ ಹೋಗಿದ್ದರೆ ಎದುರಿನ ಮೆಟ್ಟಿಲನ್ನೋ ಮೋರಿಯ ಕಲ್ಲನ್ನೋ ಆಧಾರವಾಗಿ ಹಿಡಿಯಿರಿ.

ಒಂದು ವರ್ಷ ಹೋದಾಗ ಷಟರ್ ಇಳಿದಿದ್ದು, ಅದರ ಮೇಲೆ ಬಾಡಿಗೆಗೆ ಇದೆ ಎಂಬ ಚೀಟಿ ಇದ್ದರೆ ಅದನ್ನೂ ಅದೇ ಜಾಗದಿಂದ, ಅದೇ ಚೌಕಟ್ಟಿನಲ್ಲಿ ತೆಗೆಯಿರಿ. ಆಮೇಲೆ ಪಕ್ಕದ ಅಂಗಡಿಯಲ್ಲಿ ಏನಾದರೂ ಕೊಂಡು, ಅವರು ಎಲ್ಲಿಗೆ ಹೋದರು, ಖಾನೆಗಳು ಏನಾದವು ಎಂದು ಕೇಳಿ ಬರೆದುಕೊಳ್ಳಿ.